ಪರಿವಿಡಿ ಓದುವಷ್ಟು ಹೊತ್ತು

ಹೊಕ್ಕೈದೋದ ಒಂದು ಬಂದರು ಊರು. ಟ್ರಾಮು ಹೊರಳುವ ಮೂಲೆಯಲ್ಲಿ
ಶಿಗೆನೊ ಅಜ್ಜಿಯ ರಿಪೇರಿ ಅಂಗಡಿ.
ಬಾಗಿಲು ತೆಗೆದರೆ ಮೊದಲು ಬೆಸುಗೆಯ ಹೊಗೆ,
ಆಮೇಲೆ ಸೀಮೆಎಣ್ಣೆ ಒಲೆಯ ಬಿಸಿ,
ಎಲ್ಲಕ್ಕೂ ಕೊನೆಗೆ ಅಜ್ಜಿ,
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು.

ನನಗಲ್ಲಿ ತಿರುಪು ಎಣಿಸುವ ಕೆಲಸ.
ಅಂಗೈಯಗಲದ ಪ್ಲೇಯರಿಗೆ ಹದಿಮೂರು,
ಒಂದೊಂದೂ ಎಳ್ಳಿಗಿಂತ ಸಣ್ಣದು,
ಸೀನಿದರೆ ಸಂಬಳ ಕಟ್.

ಜನವರಿಯ ಒಂದು ಮಧ್ಯಾಹ್ನ ಕುಮೆತಾ ಬಂದ.
ಮೂವತ್ತೊಂದು ವರ್ಷ ಟ್ರಾಮು ನಡೆಸಿದವನು.
ಕೋಟಿನ ಒಳಜೇಬಿನಿಂದ ತೆಗೆದ ಡಿಸ್ಕಿಗೆ
ಅವನ ಮೈಯ ಬಿಸಿ ಇನ್ನೂ ಇತ್ತು.
"ತಿರುಗುತ್ತೆ, ತಿರುಗುತ್ತೆ, ತಿರುಗುತ್ತೆ,
ಆಮೇಲೆ ಖಾಲಿ ಅನ್ನುತ್ತೆ. ಯಂತ್ರ ಕೆಟ್ಟಿರಬೇಕು."

ಅಜ್ಜಿ ಡಿಸ್ಕು ತೂರಿಸಿದಳು.
ಕ್ರಿಕ್. ಝುಂಯ್. ಮೌನ. ಮತ್ತೆ ಝುಂಯ್.
ನಾನು ಕಾಲು ಬದಲಿಸಿದೆ.
ಫೋನಿನಲ್ಲಾದರೆ ಇಷ್ಟರಲ್ಲಿ ಅರ್ಧ ಹಾಡು ಕೇಳಿ
ಬೇಜಾರಾಗಿ ಮುಂದಿನದಕ್ಕೆ ಹೋಗಿರುತ್ತಿದ್ದೆ.
"ಯಾಕಿಷ್ಟು ತಡ?" ಅಂದೇಬಿಟ್ಟೆ.

"ಈಗಷ್ಟೇ ಎದ್ದವನ ಕೈಗೆ ಸೂಜಿ ಕೊಟ್ಟು
ದಾರ ಪೋಣಿಸು ಅಂದರೆ?" ಅಜ್ಜಿ ತಲೆ ಎತ್ತಲಿಲ್ಲ.
"ಮೊದಲು ಕಣ್ಣುಜ್ಜಬೇಕು. ಇದರ ಕಣ್ಣು ಮೇಲೆ ಕೆಳಗೆ ಆಡಿ
ಡಿಸ್ಕು ಎಷ್ಟು ದೂರ ಅಂತ ಅಳೆಯುತ್ತೆ,
ಕೂದಲೆಳೆಯಷ್ಟೂ ಬೇಡ, ಅದರ ಚೂರು ತಪ್ಪಿದರೂ ಎಲ್ಲ ಮಂಜು.
ಆಮೇಲೆ ಚಕ್ರಕ್ಕೆ ವೇಗ ಹತ್ತಬೇಕು.
ಬ್ಯಾಟರಿ ಇರುವುದೇ ಕಿರುಬೆರಳಷ್ಟು.
ಆಮೇಲೆ ಒಳಗಿನ ಅಂಚಿಗೆ ಹೋಗಿ ಪರಿವಿಡಿ ಓದಬೇಕು,
ಯಾವುದು ಎಲ್ಲಿ ಶುರು, ಎಲ್ಲಿ ಮುರಿದು
ಎಲ್ಲಿ ಮುಂದುವರಿದಿದೆ ಅಂತ.
ಓದಿದ ಮೇಲೂ ಕೂಡಲೇ ಬಾಯಿ ಬಿಡುವುದಿಲ್ಲ.
ಒಂದಷ್ಟು ನಾದ ಕೆನ್ನೆಗೆ ತುಂಬಿಕೊಳ್ಳುತ್ತೆ,
ಕೋತಿ ಕಡಲೆ ತುಂಬಿಕೊಂಡ ಹಾಗೆ.
ನೀನು ಓಡುತ್ತಿ, ಎಡವುತ್ತಿ, ಅದರ ಕಣ್ಣು ಸಾಲು ತಪ್ಪುತ್ತೆ.
ಮತ್ತೆ ಸಾಲು ಸಿಗುವ ತನಕ
ಕೆನ್ನೆಯಲ್ಲಿದ್ದದ್ದು ನಿನ್ನ ಕಿವಿಗೆ."

ಅಂದರೆ ನಾವು ಕೇಳುವುದು
ಡಿಸ್ಕು ಈಗ ಹೇಳುತ್ತಿರುವುದನ್ನಲ್ಲ,
ಆಗಲೇ ಹೇಳಿ ಮುಂದೆ ಹೋದದ್ದನ್ನು.
(ಇದು ಅಜ್ಜಿಯ ಮಾತಲ್ಲ. ಆ ರಾತ್ರಿ
ಹಾಸಿಗೆಯಲ್ಲಿ ನನಗೇ ಹೊಳೆದದ್ದು.)

ಪುಟ್ಟ ಕಿಟಕಿಯಲ್ಲಿ ಅಕ್ಷರ ಮೂಡಿತು: ಖಾಲಿ.
ಕುಮೆತಾ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
"ಯಂತ್ರ ಸರಿಯಿದೆ. ಯಾರೋ ಅಳಿಸಿದ್ದಾರೆ."
ಅವನ ಕಿವಿ ಕೆಂಪಾಯಿತು.
"ನಾನೇ. ಹೆಸರು ಬರೆಯಲು ಹೋಗಿ ಯಾವುದೋ ಗುಂಡಿ..."

"ಅಳಿದದ್ದು ಪರಿವಿಡಿ ಮಾತ್ರ. ಪುಟಗಳು ಹಾಗೇ ಇವೆ.
ಪಾಪ, ಇದು ಸುಳ್ಳು ಹೇಳಲಿಲ್ಲ,
ಗೊತ್ತಿದ್ದಷ್ಟು ಹೇಳಿತು."

ಬೇರೊಂದು ಡಿಸ್ಕು ಹಾಕಿ ಅದರ ಪರಿವಿಡಿ ಓದಿಸಿದಳು.
ಬಾಗಿಲ ಸಂದಿನ ಗುಂಡಿಯನ್ನು
ಹಲ್ಲುಕಡ್ಡಿಯಿಂದ ಒತ್ತಿ ಹಿಡಿದು,
ಯಂತ್ರಕ್ಕೆ ಸುಳಿವು ಕೊಡದೆ, ಅದನ್ನು ತೆಗೆದು ಇವನದನ್ನಿಟ್ಟಳು.
ಕಾಗೆಯ ಗೂಡಿಗೆ ಕೋಗಿಲೆ ಮೊಟ್ಟೆ.
ಬರೆ, ಅಂದಳು. ಬರೆಯಿತು.

ಕ್ರಿಕ್. ಝುಂಯ್. ಮೌನ.
ಈ ಸಲ ನಾನು ಕಾಲು ಬದಲಿಸಲಿಲ್ಲ.
ಹೊರಗೆ ಹಿಮ ಗುಡಿಸುವ ಸಲಿಕೆ, ಪರ್ರ್, ಪರ್ರ್.
ಆಮೇಲೆ ಗಂಟೆ, ಎರಡು ಸಲ.
ಹಳಿಯ ಮೇಲೆ ಕಬ್ಬಿಣದ ಸದ್ದು,
ಒಂದು ಎಳೆಯ ಗಂಡುದನಿ: "ಮುಂದಿನ ನಿಲ್ದಾಣ, ಉಪ್ಪಿನ ಗೋದಾಮು."

"ಈ ಮಾರ್ಗ ಮುಚ್ಚಿದ ದಿನ," ಅಂದ ಕುಮೆತಾ, "ಸೀಟಿನ ಕೆಳಗಿಟ್ಟಿದ್ದೆ."
ಗಲ್ಲೆಯ ಮೇಲೆ ಅವನ ಎಡಗೈ
ಇಲ್ಲದ ಹಿಡಿಕೆಯೊಂದನ್ನು ಮೆಲ್ಲಗೆ ತಿರುವಿತು.
ಟ್ರಾಮು ನಿಂತಿತು. ಬಾಗಿಲು ಸರಿಯಿತು. ಆಮೇಲೆ ಏನೂ ಇಲ್ಲ.
ಅರ್ಧ ನಿಮಿಷ. ಇನ್ನೂ ಇಲ್ಲ.
ಮುಂದೆ ಓಡಿಸೋಣವೆಂದು ಗುಂಡಿಗೆ ಬೆರಳಿಟ್ಟೆ.

"ತಾಳಪ್ಪ," ಅಂದ,
"ಇಳಿಯುವವರಿದ್ದಾರೆ."

ಬೆರಳು ತೆಗೆದೆ.
ಅಜ್ಜಿ ಭೂತಗನ್ನಡಿ ಕಳಚಿ ಚಹಾಕ್ಕೆ ನೀರಿಟ್ಟಳು.
ಹದಿಮೂರು ತಿರುಪಿನಲ್ಲಿ ಒಂದು
ಕಳೆದದ್ದು ಆವತ್ತೇ.